ಸದ್ದಿಲ್ಲದ ತಂತಿ

ತಂತಿ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಸದ್ದಿಲ್ಲ.

ಅದಕ್ಕೇ ನನಗೆ ಭಯವಾಗಿದ್ದು. ಸದ್ದು ಮಾಡುವ ತಂತಿ ನನಗೆ ಗೊತ್ತು. ನಾನೇ ಕಟ್ಟಿದ ಬೇಲಿ ಅದು. ಸರಿಯಾಗಿದ್ದರೆ ಗೋಡೆ ಗಡಿಯಾರದ ಹಾಗೆ ಟಿಕ್ ಅನ್ನುತ್ತದೆ. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಈಗ ಟಿಕ್ ಇಲ್ಲ. ದಾಳಿಂಬೆ ಗಿಡಗಳ ಆಚೆ ಪಂಪ್‌ಸೆಟ್ ಗುಂಯ್ ಅನ್ನುತ್ತಿತ್ತು. ಪಂಪಿನ ಸ್ಟಾರ್ಟರ್‌ನಿಂದ ಹೊರಟ ಕಪ್ಪು ಕೇಬಲ್ ಒಂದು ಹುಲ್ಲಿನ ಮೇಲೆ ಹರಿದು ಬಂದು, ತುದಿಯ ಕೊಕ್ಕೆಯಿಂದ ನನ್ನ ಬೇಲಿಯನ್ನು ಕಚ್ಚಿಕೊಂಡಿತ್ತು.

"ಇನ್ನೊಂದ್ಸಲ ಕೇಳ್ತೀನಿ," ಅಂದ ಕೆಂಪರಾಜು. "ಏನ್ ನೋಡ್ದೆ?"

ಅವನ ಒಂದು ಕೈಯಲ್ಲಿ ನನ್ನ ಜಡೆ. ಇನ್ನೊಂದರಲ್ಲಿ ಬೆನ್ನ ಹಿಂದೆ ತಿರುಚಿದ ನನ್ನ ಬಲಗೈ. ಎಡಗೈಯಿಂದ ನಾನು ಕಲ್ಲುಕಂಬ ಒತ್ತಿ ಹಿಡಿದು ಮುಖವನ್ನು ತಂತಿಯಿಂದ ದೂರ ಇಟ್ಟುಕೊಂಡಿದ್ದೆ. ಅವನ ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು. ನನ್ನ ಚಪ್ಪಲಿ ಎಳೆದಾಟದಲ್ಲಿ ಎಲ್ಲೋ ಹೋಗಿತ್ತು. ಸ್ಪ್ರಿಂಕ್ಲರ್ ನೀರಿನಿಂದ ನೆಲ ಒದ್ದೆ.

"ನಿನ್ ಮುಖ ನೋಡ್ದೆ," ಅಂದೆ. "ಅಷ್ಟೇ ಸಾಕಾಗಿದೆ."

ಒಂದು ಗೇಣು ಅರ್ಧ ಗೇಣಾಯಿತು.

ಹೇಗೆ ಅಲ್ಲಿ ಸಿಕ್ಕಿಕೊಂಡೆ ಅಂತ ಕೇಳುತ್ತೀರಿ. ಹೇಳುತ್ತೇನೆ. ಕಾಫಿ ಆರಿಹೋದರೆ ನನ್ನನ್ನು ಬಯ್ಯಬೇಡಿ.

ನನ್ನ ಹೆಸರು ತನುಜಾ. ಅಜ್ಜಂಪುರದಲ್ಲಿ, ರೈಲ್ವೆ ಸ್ಟೇಷನ್‌ಗೆ ಹೋಗುವ ರಸ್ತೆಯಲ್ಲಿ ನನ್ನ ಅಂಗಡಿ. ಸೋಲಾರ್ ಬೇಲಿ ಹಾಕುತ್ತೇನೆ. ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿದ ಬೇಲಿ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕುವವರು ಕಡಿಮೆ. ನಾನು ಹುಡುಕುತ್ತೇನೆ. ತರೀಕೆರೆ ಕಡೆಯಿಂದ ಬಾಳೆಗೆ ಆನೆ ನುಗ್ಗಿತು ಅಂತ ಕರೆಯುತ್ತಾರೆ. ನಮ್ಮ ಅಜ್ಜಂಪುರದ ಸುತ್ತ ಮೆಕ್ಕೆಜೋಳಕ್ಕೆ ಹಂದಿ ಬಿತ್ತು ಅಂತ ಕರೆಯುತ್ತಾರೆ. ಹೋಗಿ ತಂತಿಯ ಜೊತೆ ನಡೆಯುತ್ತೇನೆ. ಎಲ್ಲೋ ಒಂದು ಕಡೆ ಬಳ್ಳಿ ಹಬ್ಬಿರುತ್ತದೆ, ಇಲ್ಲ ಕಂಬಕ್ಕೆ ತಂತಿ ಹಿಡಿಸುವ ಇನ್ಸುಲೇಟರ್ ಸೀಳಿರುತ್ತದೆ, ಇಲ್ಲ ಯಾರೋ ಸುಳ್ಳು ಹೇಳಿರುತ್ತಾರೆ.

ಮೂರನೆಯದೇ ಜಾಸ್ತಿ.

ಅವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಹಾಲಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನ ಅಂಚಿನ ಹೆಂಗಸು. ಕಡೂರಿನಲ್ಲೊಂದು, ಬೀರೂರಿನಲ್ಲೊಂದು ಬಸ್ಸು ಬದಲಾಯಿಸಿ ಬಂದಿದ್ದಳು. ಕುರ್ಚಿ ಎಳೆದುಕೊಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತಳು.

"ನೀನಾ ಬೇಲಿ ಹಾಕ್ದೋಳು?"

"ಯಾವ ಬೇಲಿ?"

"ನನ್ ಗಂಡನ್ನ ತಿಂದಿದ್ದು."

ಬೀಗವನ್ನು ಮೇಜಿನ ಮೇಲಿಟ್ಟು ನಾನೂ ನೆಲದ ಮೇಲೆ ಕೂತೆ.

ಅವಳ ಗಂಡ ಚೌಡಪ್ಪ. ನನಗೆ ಗೊತ್ತಿದ್ದ ಮನುಷ್ಯ. ಊರ ರಾಸುಗಳನ್ನು ಕಾವಲಿಗೆ ಹೊಡೆದುಕೊಂಡು ಹೋಗಿ ಮೇಯಿಸಿ, ಮಧ್ಯಾಹ್ನ ಕೆರೆಗೆ ಇಳಿಸುತ್ತಿದ್ದ. ಅಮೃತಮಹಲ್ ತಳಿ. ಉದ್ದ ಕೊಂಬು, ಅದಕ್ಕಿಂತ ಉದ್ದ ಸಿಟ್ಟು. ಹೋದ ವರ್ಷ ಆ ಕೆರೆ ದಾರಿಗೆ ತಗುಲಿದ ಹಾಗೇ ದತ್ತಾತ್ರಿ ಅನ್ನುವವನ ದಾಳಿಂಬೆ ತೋಟಕ್ಕೆ ನಾನು ಬೇಲಿ ಹಾಕಿದಾಗ, ಚೌಡಪ್ಪ ದೊಣ್ಣೆ ಊರಿಕೊಂಡು ದಿನವಿಡೀ ನೋಡುತ್ತಾ ನಿಂತಿದ್ದ. ದಾರಿಯ ಪಕ್ಕದ ಕಂಬದಲ್ಲಿ ಒಂದು ಇನ್ಸುಲೇಟರ್ ಕೂದಲೆಳೆಯಷ್ಟು ಸೀಳಿ ಟಿಕ್ ಟಿಕ್ ಅನ್ನುತ್ತಿತ್ತು. ಬದಲಾಯಿಸುವುದಕ್ಕೆ ಹೋದೆ. ಅವನೇ ತಡೆದ.

"ಇರ್ಲಿ ಬಿಡವ್ವ. ದನಕ್ಕೆ ಕೇಳ್ಲಿ."

ದನ ಕೇಳಿಸಿಕೊಂಡವು. ಮೂಗು ತಾಗಿಸಿ ಏಟು ತಿಂದದ್ದು ಒಂದೊಂದೇ ಸಲ. ಆಮೇಲೆ ಟಿಕ್ ಅಂದರೆ ಮಾರು ದೂರ ನಿಲ್ಲುತ್ತಿದ್ದವು. ಚೌಡಪ್ಪನೂ ಕಿವಿಯಿಂದಲೇ ಬೇಲಿ ಓದುತ್ತಿದ್ದ. ಅವನಿಗೆ ಟೆಸ್ಟರ್ ಬೇಕಿರಲಿಲ್ಲ.

"ಅವತ್ತು ಟಿಕ್ ಅನ್ನೋದು ಇರ್ಲಿಲ್ಲ ಕಣವ್ವ," ಅಂದಳು ಹಾಲಮ್ಮ. "ನಾನು ಬುತ್ತಿ ತಗಂಡು ಬತ್ತಿದ್ದೆ. ಕರ ಒಂದು ತಂತಿ ಅಡೀಗೆ ನುಸುಳಿ ಒಳಕ್ಕೋಗಿತ್ತು. ಇವ್ನು ನಿಂತು ಕೇಳ್ದ. ನಾನು ನೋಡ್ತಾ ಇದೀನಿ, ತಲೆ ವಾಲಿಸ್ಕಂಡು ಕೇಳ್ದ. ಆಫ್ ಮಾಡವ್ರೆ ಅಂದ್ಕಂಡ. ಕರ ಈಚೆ ಬರ್ಲಿ ಅಂತ ತಂತೀನ ಎತ್ತಿ ಹಿಡ್ದ..."



"ಅವನ ಅಂಗೈ ನೋಡಿದ್ಯಾ?" ಅಂದೆ.

"ನೋಡ್ದೆ. ಕರ್ರಗೆ ಸುಟ್ಟಿತ್ತು. ತಂತಿ ದಪ್ಪಕ್ಕೆ ಗೀರು."

"ದತ್ತಾತ್ರಿ ಏನಂತಾನೆ?"

"ಕಳ್ಳ ಅಂತಾನೆ." ಆ ಮಾತನ್ನು ಉಗುಳಿದಳು. "ನಾನು ಊರಿಗೋಡಿ ಜನ ಕರ್ಕಂಡು ಬರೋಷ್ಟ್ರಲ್ಲಿ ಇವ್ನ ಕೈಯಾಗೆ ಕಟಿಂಗ್ ಪ್ಲೇಯರ್ ಇತ್ತು. ಕೆಂಪು ಹಿಡೀದು. ತಂತಿ ಕದಿಯಾಕ್ ಬಂದ, ಸೋಲಾರ್ ಶಾಕ್ ಹೊಡೀತು, ಹಾರ್ಟು ವೀಕಿತ್ತು, ಸತ್ತ. ಹಿಂಗಂತಾರೆ ಎಲ್ರೂ. ಹಾರ್ಟು ವೀಕಂತೆ... ಕೊಂಬು ಹಿಡ್ದು ಹೋರಿ ನಿಲ್ಲಿಸ್ತಿದ್ದ ಕಣವ್ವ."

"ನಿಂಗೇನಾಗ್ಬೇಕು ಹಾಲಮ್ಮ?"

"ಕಳ್ಳ ಅಂತ ಯಾರ್ ಬಾಯಲ್ಲಿ ಬಂತೋ, ಅಲ್ಲ ಅಂತ ಅದೇ ಬಾಯಲ್ಲಿ ಬರ್ಬೇಕು. ಬ್ಯಾರೆ ಏನೂ ಬ್ಯಾಡ."

ಸಿಟ್ಟು ನನಗೆ ತಡವಾಗಿ ಬರುತ್ತದೆ. ಬಂದ ಮೇಲೆ ಬೇಗ ಹೋಗುವುದಿಲ್ಲ. ಅಂಗಡಿ ಬಾಗಿಲು ಮತ್ತೆ ಎಳೆದೆ. ಹಾಲಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ.

ನಿಮಗೆ ಬೇಲಿಯ ವಿಷಯ ಗೊತ್ತಿಲ್ಲದಿರಬಹುದು. ಗೊತ್ತಾಗದೆ ಈ ಕತೆಯ ಸಿಟ್ಟು ಗೊತ್ತಾಗುವುದಿಲ್ಲ. ನಮ್ಮಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನ ಮೈಯಲ್ಲಿ ಇರುವುದಿಲ್ಲ. ಏಳು ಕೋಟೆ ದಾಟಿದ ಮೇಲೆ ಒಂದು ಪಂಜರ, ಪಂಜರದಲ್ಲಿ ಒಂದು ಗಿಳಿ, ಅದರಲ್ಲಿ ಇರುತ್ತದೆ. ಬೇಲಿಯೂ ಹಾಗೆ. ಅದರ ಪ್ರಾಣ ತಂತಿಯಲ್ಲಿಲ್ಲ, ಎಲ್ಲೋ ಗೋಡೆಗೆ ನೇತುಹಾಕಿದ ಒಂದು ಪೆಟ್ಟಿಗೆಯಲ್ಲಿದೆ. ಬಿಸಿಲು ಬ್ಯಾಟರಿ ತುಂಬುತ್ತದೆ. ಪೆಟ್ಟಿಗೆ ಆ ಕರೆಂಟನ್ನು ಕೂಡಿಟ್ಟುಕೊಂಡು ತಂತಿಗೆ ಒಂದೊಂದೇ ಏಟಾಗಿ ಬಿಡುತ್ತದೆ. ವೋಲ್ಟು ಸಾವಿರಗಟ್ಟಲೆ. ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಮುಟ್ಟಿದ ಹಂದಿಯ ಮೈಯಿಂದ ನೆಲಕ್ಕಿಳಿದು, ನೆಲದಲ್ಲಿ ಹೂತ ಕಬ್ಬಿಣದ ರಾಡ್ ಹಿಡಿದು ಪೆಟ್ಟಿಗೆಗೆ ವಾಪಸು. ಏಟು ಮುಗಿಯಿತು. ಆಮೇಲೆ ಒಂದು ಸೆಕೆಂಡಿನಷ್ಟು ಬಿಡುವು. ಆ ಬಿಡುವಿನಲ್ಲಿ ಹಂದಿ ಓಡುತ್ತದೆ. ಹಸು ಹಿಂದೆ ಸರಿಯುತ್ತದೆ. ಮನುಷ್ಯ ಕೈ ಬಿಡುತ್ತಾನೆ. ಬಿಟ್ಟು, ಬೇಲಿ ಹಾಕಿದವಳ ವಂಶಕ್ಕೆಲ್ಲ ಬಯ್ಯುತ್ತಾನೆ. ಬಯ್ಯಲಿ. ಬಯ್ಯುವುದಕ್ಕೆ ಜೀವ ಇರಬೇಕಲ್ಲ.

ಲೈನಿನ ಕರೆಂಟಿಗೆ ಆ ಬಿಡುವಿಲ್ಲ. ಹಿಡಿದ ಕೈಯನ್ನು ಅದು ಹಿಡಿದೇ ಇರುತ್ತದೆ. ಬೆರಳು ಮಡಚಿಕೊಂಡು ತಂತಿಗೆ ಬಿಗಿಯುತ್ತವೆ. ಅಂಗೈ ಸುಡುವುದು ಆಗ. ಹಂದಿಗೆ ಅಂತ ಕೆಲವರು ಕಂಬದ ಕರೆಂಟನ್ನೇ ತಂತಿಗೆ ಕೊಡುತ್ತಾರೆ. ಕಾನೂನು ಅದಕ್ಕೆ ಬೇಲಿ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ.

ಹಾಲಮ್ಮನನ್ನು ಕಾವಲಿನ ಹತ್ತಿರ ಇಳಿಸಿ ನಾನೊಬ್ಬಳೇ ದತ್ತಾತ್ರಿಯ ಮನೆಗೆ ಹೋದೆ.

ದತ್ತಾತ್ರಿ ಮೆತ್ತಗೆ ಮಾತಾಡುವ ಮನುಷ್ಯ. ಅವನ ಮಾತು ಕೇಳಬೇಕಾದರೆ ನಾವು ಮುಂದಕ್ಕೆ ಬಗ್ಗಬೇಕು. ಎಲ್ಲರೂ ಬಗ್ಗುತ್ತಿದ್ದರು. ಜೋರು ಮಾತಿನ ಕೆಲಸಕ್ಕೆ ಕೆಂಪರಾಜುವನ್ನು ಇಟ್ಟುಕೊಂಡಿದ್ದ. ಪಂಪು ನೋಡಿಕೊಳ್ಳುವುದು, ಜೀಪು ಓಡಿಸುವುದು, ಬಂದವರನ್ನು ಗದರಿಸುವುದು, ಎಲ್ಲಾ ಅವನೇ.

"ಬೇಲಿ ಸರ್ವಿಸ್ ಮಾಡ್ಬೇಕು ಸರ್," ಅಂದೆ.

"ಮಾಡಮ್ಮ. ಪೊಲೀಸ್ನೋರೂ ನೋಡ್ಕೊಂಡ್ ಹೋದ್ರು. ಟಿಕ್ ಟಿಕ್ ಅಂತಿದೆ, ಚೆನ್ನಾಗಿದೆ ಅಂದ್ರು. ಪಾಪ, ಆ ಚೌಡಪ್ಪ... ಹೊಟ್ಟೆಪಾಡು. ಆದ್ರೂ ಕದಿಯೋಕ್ ಬರ್ಬಾರ್ದಿತ್ತು."

"ಬಾಕ್ಸ್ ಯಾರಾದ್ರೂ ಬಿಚ್ಚಿದ್ರಾ?"

"ನೀನು ಕಟ್ಟಿ ಹೋದ್ಮೇಲೆ ಒಂದ್ ನೊಣಾನೂ ಕೂತಿಲ್ಲ ಅದರ ಮೇಲೆ."

ಪೆಟ್ಟಿಗೆ ಜಗಲಿಯ ಗೋಡೆಯಲ್ಲಿ ಇತ್ತು. ಹತ್ತಿರ ಹೋಗಿ ನೋಡಿದೆ. ನೋಡಿದ್ದನ್ನು ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ.

ಒಂದು ಪದ್ಧತಿ ಹೇಳಬೇಕು. ನಾನು ಮೊದಲ ಬೇಲಿ ಹಾಕಿದಾಗ ಅಜ್ಜಂಪುರದ ಒಬ್ಬ ಮುದುಕಿ ಅರಿಶಿನದ ಕೊಂಬನ್ನು ಹಳದಿ ದಾರದಲ್ಲಿ ಕಟ್ಟಿ ಪೆಟ್ಟಿಗೆಗೆ ಬಿಗಿದಳು. ಹೊಸದಾಗಿ ಮನೆಗೆ ಬಂದದ್ದು ಬರಿಮೈಯಲ್ಲಿ ಇರಬಾರದಂತೆ. ಮುಂದಿನ ಮನೆಯವರು ಅದನ್ನು ನೋಡಿ ಕಟ್ಟಿದರು. ಈಗ ನಾನು ಬೇಲಿ ಹಾಕಿದ ಮನೆಯಲ್ಲೆಲ್ಲ ಮನೆಯ ಹೆಂಗಸು ಕಟ್ಟುತ್ತಾಳೆ. ಎಲ್ಲಿ ಸುತ್ತಬೇಕು ಅಂತ ಮಾತ್ರ ನಾನು ತೋರಿಸುತ್ತೇನೆ. ತಂತಿಗೆ ಹೋಗುವ ಕೆಂಪು ವೈರ್ ಪೆಟ್ಟಿಗೆಗೆ ಸೇರುವ ಜಾಗದಲ್ಲಿ, ನಟ್ಟಿನ ಮೇಲೆ. ಆ ದಾರ ಹರಿಯದೆ ವೈರ್ ಬಿಚ್ಚುವುದಕ್ಕೆ ಆಗುವುದಿಲ್ಲ. ಅವರಿಗೆ ಮಂಗಳ, ನನಗೆ ಸೀಲು.

ದತ್ತಾತ್ರಿಯ ಮನೆಯಲ್ಲಿ ಅವನ ಹೆಂಡತಿ ತ್ರಿವೇಣಿ ಕಟ್ಟಿದ್ದು ಹೋದ ವರ್ಷದ ದಸರಾ ಹೊತ್ತಿಗೆ. ಒಂದು ಬೇಸಿಗೆ, ಒಂದು ಮಳೆಗಾಲ ಕಂಡ ದಾರ ಬೂದಿಯ ಬಣ್ಣಕ್ಕೆ ತಿರುಗಿರಬೇಕಿತ್ತು.

ನನ್ನೆದುರಿಗಿದ್ದ ದಾರ ಮದುಮಗಳ ಕೆನ್ನೆಯ ಹಾಗೆ ಹಳದಿ.

ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದೆ. ಬೇಲಿ ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಹೊರಟು, ಬೈಕನ್ನು ಕೆರೆ ದಾರಿಯಲ್ಲಿ ನಿಲ್ಲಿಸಿ, ತಂತಿ ನುಸುಳಿ ತೋಟದೊಳಗೆ ಹೋದೆ. ಪಂಪಿನ ಮನೆಯ ಹತ್ತಿರ ಸಿಕ್ಕಿತು. ಬಿಳಿ ತಂತಿಯ ಮೇಲೆ ಕಪ್ಪು ಮಚ್ಚೆ. ಕಿಡಿ ಹಾರಿ ಕರಗಿದ ಜಾಗ. ಉಗುರಿನಿಂದ ಕೆರೆದೆ. ತಾಮ್ರದ ಕಣ ಬಂತು. ನನ್ನ ಬೇಲಿಯಲ್ಲಿ ಎಲ್ಲೂ ತಾಮ್ರವಿಲ್ಲ.

ಫೋಟೊ ತೆಗೆದುಕೊಳ್ಳೋಣ ಅಂತ ಫೋನ್ ಎತ್ತಿದೆ. ಅಷ್ಟರಲ್ಲಿ ಯಾರೋ ಜಡೆ ಹಿಡಿದರು. ನಾನು ಫೋನನ್ನು ಜೇಬಿಗೆ ತುರುಕುವಷ್ಟರಲ್ಲಿ ಕೆಂಪರಾಜು ಹುಲ್ಲಿನಲ್ಲಿದ್ದ ಕೇಬಲ್ಲಿನ ಕೊಕ್ಕೆಯನ್ನು ಬೇಲಿಗೆ ಸಿಗಿಸಿದ್ದ.

ಇನ್ನು ಮೊದಲಿನ ಜಾಗಕ್ಕೆ ಬರೋಣ. ಅರ್ಧ ಗೇಣು.

"ಚೌಡಪ್ಪಂಗೂ ಹಿಂಗೇ ಬಾಯಿ ಇತ್ತು," ಅಂದ ಕೆಂಪರಾಜು. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. "ಕೆರೆ ದಾರಿ ನಮ್ದು, ಅಜ್ಜನ ಕಾಲದ್ದು, ದನ ನೀರು ಕುಡೀಬೇಕು... ದಿನಾ ಇದೇ ರಾಗ. ಧಣಿ ಎಷ್ಟ್ ಸಲ ಹೇಳಿದ್ರು, ಬ್ಯಾರೆ ಕಡೆ ಹೊಡ್ಕಂಡೋಗಪ್ಪ ಅಂತ. ಕೇಳಿದ್ನಾ?"

"ಅದಕ್ಕೆ ಲೈನ್ ಕೊಟ್ರಾ?"

"ದನಕ್ಕೆ ಕೊಟ್ಟಿದ್ದು. ಒಂದೆರಡು ಬಿದ್ರೆ ಬುದ್ಧಿ ಬತ್ತದೆ ಅಂತ. ಮಧ್ಯಕ್ಕೆ ಅವ್ನ್ಯಾಕ್ ಕೈ ಹಾಕ್ದ?"

ಕೇಳಿಸಿತಾ ನಿಮಗೆ? ದನಕ್ಕೆ ಕೊಟ್ಟಿದ್ದಂತೆ. ತಪ್ಪು ಸತ್ತವನದಂತೆ. ನನ್ನ ಕಣ್ಣಿಗೆ ಕತ್ತಲು ಕವಿದಿತ್ತು, ಭಯಕ್ಕಲ್ಲ.

ಕಲ್ಲುಕಂಬದ ಮೇಲೆ ನನ್ನ ಕೈ ಜಾರುತ್ತಿತ್ತು. ಕಣ್ಣಂಚಿನಲ್ಲಿ, ತಂತಿಯ ಈಚೆ, ಸ್ಪ್ರಿಂಕ್ಲರ್ ತಿರುಗುತ್ತಾ ಇತ್ತು. ನೀರಿನ ಬಿಲ್ಲು ದಾಳಿಂಬೆಯ ಮೇಲೆ ಹಾರಿ ಬೀಳುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಸಾಯುವಾಗ ಚೆಂದದ್ದೇನಾದರೂ ನೋಡಬೇಕು.

ಬಿಲ್ಲು ಬಾಗಿತು.

ಇನ್ನೊಂದು ಸುತ್ತು ಬಂತು. ಇನ್ನೂ ಬಾಗಿತು. ಪಂಪಿನ ಗುಂಯ್ ಗೊರಗೊರ ಆಗಿ ಕೆಳಗಿಳಿಯಿತು.

ಪವರ್ ಹೋಗಿತ್ತು. ನಮ್ಮ ಕಡೆ ತ್ರೀ ಫೇಸ್ ಬರುವುದಕ್ಕೆ ಗ್ಯಾರಂಟಿ ಇಲ್ಲ, ಹೋಗುವುದಕ್ಕೆ ಇದೆ. ಜೀವನದಲ್ಲಿ ಮೊದಲ ಸಲ ಲೋಡ್ ಶೆಡ್ಡಿಂಗ್‌ಗೆ ಕೈ ಮುಗಿಯಬೇಕು ಅನ್ನಿಸಿತು. ಕೈ ಖಾಲಿ ಇರಲಿಲ್ಲ.

ಕಂಬ ಬಿಟ್ಟು ಎಡಗೈಯಲ್ಲಿ ತಂತಿ ಹಿಡಿದೆ.

ಹಿಡಿದು ಕೂಗಿದೆ. ಮೈಯೆಲ್ಲ ಅದುರಿಸಿದೆ. ಕಣ್ಣು ಮೇಲೆ ಮಾಡಿದೆ. ಕಾಲು ಒದೆದೆ. ಚೌಡಪ್ಪ ಹೇಗೆ ಸತ್ತ ಅಂತ ಕೆಂಪರಾಜು ನೋಡಿದ್ದ. ಅದು ಅವನ ಮೈಯೊಳಗೆ ಎಲ್ಲೋ ಕೂತಿತ್ತು. ಪಂಪು ನಿಂತದ್ದು ಅವನ ಕಿವಿಗೆ ಬೀಳುವ ಮೊದಲೇ ಅವನ ಕೈ ನನ್ನನ್ನು ಬಿಟ್ಟಿತ್ತು. ಹಿಂದಕ್ಕೆ ನೆಗೆದು ಮಣ್ಣಿನಲ್ಲಿ ಅಂಡೂರಿ ಬಿದ್ದ.

ನಾನು ಅದುರುವುದು ನಿಲ್ಲಿಸಿ ಅವನನ್ನು ನೋಡಿದೆ.

"ಕರೆಂಟ್ ಹೋಯ್ತು ಕಣೋ ಕೆಂಪರಾಜು."

ತಂತಿಗಳ ನಡುವೆ ನುಸುಳಿ ಆಚೆ ಬಿದ್ದು ಓಡಿದೆ.

ಬೈಕು ಕೆರೆ ದಾರಿಯಲ್ಲಿ ನಿಂತಿತ್ತು. ಬರಿಗಾಲಲ್ಲಿ ಕಿಕ್ ಹೊಡೆದೆ. ಹಿಂದೆ ತಿರುಗಿ ನೋಡಿದರೆ ಕೆಂಪರಾಜು ಕೊಕ್ಕೆ ಕಿತ್ತು, ಕೇಬಲ್ ಸರಸರ ಸುತ್ತಿ ಜೀಪಿನ ಹಿಂದಕ್ಕೆ ಎಸೆಯುತ್ತಿದ್ದ. ಸಾಕ್ಷಿ ಬಿಟ್ಟು ಬರಬಾರದು ಅಂತ. ಅಷ್ಟು ಬುದ್ಧಿ ಇತ್ತು ಅವನಿಗೆ. ಅದನ್ನು ಜೊತೆಯಲ್ಲೇ ಹೊತ್ತುಕೊಂಡು ನನ್ನ ಹಿಂದೆ ಬರಬಾರದು ಅನ್ನುವಷ್ಟು ಇರಲಿಲ್ಲ.

ಜೀಪು ಗುಡುಗುತ್ತಾ ಬಂತು.

ಕಾವಲು ಅಂದರೆ ಬಯಲು. ಅವಿತುಕೊಳ್ಳುವುದಕ್ಕೆ ಒಂದು ಮರ ಇಲ್ಲ. ಅಲ್ಲೊಂದು ಜಾಲಿ, ಇಲ್ಲೊಂದು ಬಂಡೆ. ಬೈಕಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು. ಜೀಪಿನ ಬಂಪರ್ ಹಿಂದಿನ ಮಡ್‌ಗಾರ್ಡ್‌ಗೆ ಒಮ್ಮೆ ಮುತ್ತಿಟ್ಟಿತು. ಇನ್ನೊಮ್ಮೆ ಇಟ್ಟಿದ್ದರೆ ಈ ಕತೆಯನ್ನು ಬೇರೆ ಯಾರೋ ಹೇಳಬೇಕಾಗುತ್ತಿತ್ತು.

ದಿಬ್ಬ ಹತ್ತಿ ಇಳಿದರೆ ಎದುರಿಗೆ ರಾಸುಗಳು. ಬಯಲು ತುಂಬ ಬೂದುಬಣ್ಣದ ಬೆನ್ನು, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು. ನಡುವೆ ಗಂಡನ ದೊಣ್ಣೆ ಹಿಡಿದ ಹಾಲಮ್ಮ.

"ಹಾಲಮ್ಮ, ಜೀಪು!"

ಅವಳು ಜೀಪು ನೋಡಿದಳು. ಒಳಗೆ ಯಾರಿದ್ದಾರೆ ಅಂತ ನೋಡಿದಳು. ನನಗೆ ದಾರಿ ಬಿಟ್ಟು, ಬಾಯಿಗೆ ಕೈ ಹಚ್ಚಿ ಕೂಗಿದಳು. ಅದು ಮಾತಲ್ಲ. ಹೋ... ಅಂತ ಶುರುವಾಗಿ ಎಲ್ಲೋ ಆಕಾಶದಲ್ಲಿ ಮುಗಿಯುವ ಕೂಗು. ಮೇಯುತ್ತಿದ್ದ ತಲೆಗಳೆಲ್ಲ ಒಟ್ಟಿಗೆ ಎದ್ದವು. ರಾಸುಗಳು ಅವಳ ಕಡೆಗೆ ನಡೆದು ಬರಲಿಲ್ಲ, ನುಗ್ಗಿ ಬಂದವು.

ಜೀಪು ಅವುಗಳ ನಡುವೆ ಸಿಕ್ಕಿತು.

ಕೆಂಪರಾಜು ಹಾರ್ನ್ ಹೊಡೆದ. ಆ ತಳಿಯ ಮುಂದೆ ಮಾಡಬಾರದ ಕೆಲಸ. ಒಂದು ಹೋರಿ ಬಾನೆಟ್‌ಗೆ ಹಣೆ ಕೊಟ್ಟು ನಿಂತಿತು. ಇನ್ನೊಂದರ ಕೊಂಬಿನ ತುದಿ ಡ್ರೈವರ್ ಬಾಗಿಲೊಳಗೆ ಬಂದು ಅವನ ಪಕ್ಕೆಯ ಹತ್ತಿರ ಸುಮ್ಮನೆ ನಿಂತಿತು. ಇಂಜಿನ್ ಕೆಮ್ಮಿ ಆರಿತು.

"ಹಾಲಮ್ಮಕ್ಕ, ಹೊಡಿಯಕ್ಕ ಇವನ್ನ," ಅಂದ ಕೆಂಪರಾಜು. ದನಿ ಸಣ್ಣಗಾಗಿತ್ತು.

"ಯಾಕಪ್ಪ? ಬೇಲಿ ಹಾಕ್ಕೊ." ಹಾಲಮ್ಮ ಬಂಡೆಯ ಮೇಲೆ ಕೂತಳು. "ನಂಗೇನ್ ಅವಸರ ಇಲ್ಲ. ಬುತ್ತಿ ತಂದಿವ್ನಿ."

ಸಬ್ ಇನ್ಸ್‌ಪೆಕ್ಟರ್ ಹನುಮಂತಯ್ಯನಿಗೆ ಫೋನ್ ಮಾಡಿದೆ. ಅವನ ಮಾವನ ಜೋಳದ ಹೊಲಕ್ಕೆ ಬೇಲಿ ಹಾಕಿದ್ದೆ, ನಂಬರ್ ಇತ್ತು.

"ಎಲ್ಲಿದೀಯ ನೀನು?" ಅಂದ. "ಈ ಕಡೇನೇ ಬಂದಿದ್ದೆ, ಈಗ ದತ್ತಾತ್ರಿ ಮನೇಲೇ ಇದೀನಿ. ನಿನ್ ಮೇಲೇ ಕಂಪ್ಲೇಂಟ್ ಬಂದದೆ. ಸರ್ವಿಸ್ ಅಂತ ಬಂದು ಬಾಕ್ಸ್ ಸುಟ್ಟಾಕಿದ್ಯಂತೆ."

"ಬಾಕ್ಸ್ ಸುಟ್ಟೋಯ್ತಾ?"

"ಹೊಗೆ ಬಂದಿದೆ. ಮಸಿ ಆಗದೆ ಗೋಡೆ."

ನಗು ಬಂತು. ಕೆಟ್ಟ ನಗು. "ಬತ್ತಾ ಇದೀನಿ ಸರ್. ಇಬ್ಬರು ಕಾನ್‌ಸ್ಟೇಬಲ್‌ನ ಕಾವಲಿಗೆ ಕಳ್ಸಿ. ಒಂದು ಜೀಪು ದನ ಕಾಯ್ತಾ ಇದೆ. ಹಿಂದಿನ ಸೀಟಲ್ಲಿ ಕೇಬಲ್ ಇದೆ, ನೋಡಕ್ಕೇಳಿ. ಮತ್ತೆ... ಹಾಲಮ್ಮನೂ ಬರ್ಬೇಕು."

ಜಗಲಿಯಲ್ಲಿ ಹನುಮಂತಯ್ಯ ಕೂತಿದ್ದ. ಮುಂದೆ ಕಾಫಿ ಲೋಟ. ದತ್ತಾತ್ರಿ ಪಕ್ಕದಲ್ಲಿ ಬಗ್ಗಿ ಮೆತ್ತಗೆ ಏನೋ ಹೇಳುತ್ತಿದ್ದ. ಒಳಬಾಗಿಲಲ್ಲಿ ತ್ರಿವೇಣಿ, ಕೈಯಲ್ಲಿ ಇನ್ನೊಂದು ಲೋಟ. ಗೋಡೆಯ ಪೆಟ್ಟಿಗೆಯ ಹೊಟ್ಟೆ ಕರಗಿ ಜೋತಾಡುತ್ತಿತ್ತು. ಹಳದಿ ದಾರ ಮಾತ್ರ ನಟ್ಟಿನ ಮೇಲೆ ಹಾಗೇ ಇತ್ತು. ಅಂಗಳದ ಗೇಟಿನ ಹತ್ತಿರ ಕಾನ್‌ಸ್ಟೇಬಲ್‌ಗಳು, ಕೆಂಪರಾಜು, ಸುತ್ತಿದ ಕೇಬಲ್. ಹಾಲಮ್ಮ ಗೇಟಿನಾಚೆಯೇ ನಿಂತಳು.

"ಹೇಳು," ಅಂದ ಹನುಮಂತಯ್ಯ. "ಯಾಕ್ ಸುಟ್ಟೆ?"

"ಇವತ್ತು ಈ ಕೆಂಪರಾಜು ಪಂಪಿನ ಲೈನನ್ನ ಬೇಲಿಗೆ ಕೊಟ್ಟ ಸರ್. ನನ್ನ ಸಾಯಿಸೋಕೆ. ಬಾಕ್ಸು ಬೇಲಿಗೆ ಸೇರ್ಕೊಂಡಿರೋವಾಗ ಲೈನ್ ಕೊಟ್ರೆ, ಕರೆಂಟು ತಂತಿ ಹಿಡ್ಕೊಂಡು ಬಾಕ್ಸಿಗೇ ಬರುತ್ತೆ. ಬಾಕ್ಸ್ ಸುಡುತ್ತೆ. ನೋಡಿ, ಸುಟ್ಟಿದೆ."

"ಸರಿ. ಅದಕ್ಕೂ ಚೌಡಪ್ಪಂಗೂ ಏನು?"

"ಚೌಡಪ್ಪನ ಅಂಗೈ ಸುಟ್ಟಿತ್ತು. ಸೋಲಾರ್ ಏಟಿಗೆ ಅಂಗೈ ಸುಡಲ್ಲ. ಅವತ್ತೂ ಲೈನೇ. ಆದ್ರೆ ಅವತ್ತು ಬಾಕ್ಸ್ ಸುಡಲಿಲ್ಲ. ನೀವೇ ನೋಡಿದ್ರಿ, ಟಿಕ್ ಟಿಕ್ ಅಂತಿತ್ತು. ಯಾಕೆ?"

ಹನುಮಂತಯ್ಯ ಲೋಟ ಕೆಳಗಿಟ್ಟ. ಯೋಚಿಸಿದ. ಮೆಲ್ಲಗೆ ಹೇಳಿದ. "ಮೊದ್ಲೇ ಬಿಚ್ಚಿದ್ರು."

"ಮೊದ್ಲೇ ಬಿಚ್ಚಿ, ಸತ್ತ ಮೇಲೆ ಮತ್ತೆ ಸಿಗ್ಸಿದ್ರು."

ದತ್ತಾತ್ರಿ ಕೆಂಪರಾಜುವನ್ನು ನೋಡಿದ. ಆ ನೋಟ ನನಗೆ ಈಗಲೂ ನೆನಪಿದೆ. ಹಳೆಯ ಎತ್ತನ್ನು ಸಂತೆಗೆ ಹೊಡೆಯುವವನ ನೋಟ.

"ಅಯ್ಯೋ ಕೆಂಪರಾಜು," ಅಂದ. "ಇಂಥಾ ಕೆಲಸ ಮಾಡಿದ್ಯೇನೋ? ನಂಗೊಂದ್ ಮಾತು ಹೇಳದೆ? ಸರ್, ದೇವರಾಣೆ ಸರ್. ನಾನು ಆ ಬಾಕ್ಸ್ ಮುಟ್ಟಿಲ್ಲ. ಪಂಪು, ಬೇಲಿ ಎಲ್ಲಾ ಇವಂದೇ."

ಕೆಂಪರಾಜುವಿನ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಅನ್ನುವುದು ಅವನಿಗೂ ಗೊತ್ತಿತ್ತು. ಹನುಮಂತಯ್ಯನಿಗೂ ಗೊತ್ತಿತ್ತು. ಕೇಸು ಅಲ್ಲಿಗೇ ನಿಂತುಬಿಡುತ್ತಿತ್ತು. ಆಳು ಜೈಲಿಗೆ, ಧಣಿ ದಾಳಿಂಬೆಗೆ. ಕಳ್ಳ ಅಂದ ಬಾಯಿ ಹಾಗೇ ಮೆತ್ತಗೆ ಕಾಫಿ ಕುಡಿಯುತ್ತಾ ಇರುತ್ತಿತ್ತು.

ನಾನು ಒಳಬಾಗಿಲ ಕಡೆ ತಿರುಗಿದೆ.

"ತ್ರಿವೇಣಕ್ಕ, ಹೋದ ದಸರಾಕ್ಕೆ ನೀವು ಕಟ್ಟಿದ ದಾರ ಇದೇನಾ?"

ತ್ರಿವೇಣಿ ದಾರ ನೋಡಿದಳು. ನನ್ನನ್ನು ನೋಡಿದಳು.

"ಹೊಸದು," ಅಂದಳು.

"ಒಳಗೋಗು ನೀನು," ಅಂದ ದತ್ತಾತ್ರಿ. ಮೆತ್ತಗೆ.

ಅವಳು ಹೋಗಲಿಲ್ಲ. ಅಂಗಳ ದಾಟಿ ಗೇಟಿನಾಚೆಗೆ ನೋಡುತ್ತಿದ್ದಳು. ಹಾಲಮ್ಮನ ಕೊರಳು ಬರಿದಾಗಿತ್ತು. ತ್ರಿವೇಣಿಯ ಕೈ ತನ್ನ ಕೊರಳಿಗೆ ಹೋಯಿತು. ಅದು ಅವಳಿಗೆ ತಿಳಿಯದೆ ಆದದ್ದು.

"ಹಳೇದು ಹರಿದು ಬಿದ್ದಿತ್ತು," ಅಂದಳು. "ಕಸ ಗುಡಿಸೋವಾಗ ಸಿಕ್ತು. ಅರಿಶಿನದ ಕೊಂಬು ನೆಲದಲ್ಲಿ ಬಿದ್ದಿದ್ದು ನೋಡಿ ಎದೆ ಝಲ್ ಅಂತು. ಯಾರ್ ಕಿತ್ತಿದ್ದು ಅಂತ ಇವ್ರನ್ನ ಕೇಳ್ದೆ. ನಾನೇ ಕಣೇ, ವೈರ್ ಬಿಚ್ಚಬೇಕಿತ್ತು, ಸುಮ್ನಿರು ಅಂದ್ರು. ಅವತ್ತು ಮಧ್ಯಾಹ್ನವೇ ಚೌಡಪ್ಪ..." ಕೈಯ ಲೋಟವನ್ನು ಹೊಸ್ತಿಲ ಮೇಲಿಟ್ಟಳು. "ಜನ ಸೇರೋ ಹೊತ್ತಿಗೆ ಇವ್ರು ಓಡಿ ಬಂದು ಮತ್ತೆ ಸಿಗ್ಸಿದ್ರು. ಇದೇ ಕೈಯಿಂದ. ದಾರ ಇಲ್ದೆ ಬರಿದಾಗಿತ್ತು. ಸಾವಾದ ದಿನ ಹಂಗೆ ಬಿಡಬಾರ್ದು, ಮನೆಗೆ ಒಳ್ಳೇದಲ್ಲ ಅಂತ... ನಾನೇ ಕಟ್ದೆ."



ದತ್ತಾತ್ರಿ ಹೆಂಡತಿಯನ್ನು ನೋಡುತ್ತಿದ್ದ. ತಂತಿ, ಸ್ಟಾರ್ಟರ್, ಕೊಕ್ಕೆ, ಪ್ಲೇಯರ್, ಪೊಲೀಸು, ಎಲ್ಲಾ ಲೆಕ್ಕ ಹಾಕಿದ್ದ. ಮನೆಗೆ ಒಳ್ಳೆಯದಾಗಲಿ ಅಂತ ಒಬ್ಬಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಟು ಹಾಕುತ್ತಾಳೆ ಅನ್ನುವುದು ಅವನ ಲೆಕ್ಕದಲ್ಲಿ ಇರಲಿಲ್ಲ.

"ಪ್ಲೇಯರು ಅವ್ರೇ ಕೊಟ್ಟಿದ್ದು," ಅಂದ ಕೆಂಪರಾಜು ಗೇಟಿನಿಂದ. ಇನ್ನು ಅವನಿಗೆ ಹೆದರಿಕೆ ಇರಲಿಲ್ಲ. "ಚೌಡಪ್ಪನ ಕೈಲಿಡು ಅಂದ್ರು. ಇಟ್ಟೆ."

ಹನುಮಂತಯ್ಯ ಎದ್ದು ಟೋಪಿ ಹಾಕಿಕೊಂಡ. "ನಡೀರಿ ದತ್ತಾತ್ರಿ."

ಪೊಲೀಸ್ ಜೀಪು ಹತ್ತುವ ಜಾಗಕ್ಕೆ ಹೋಗಬೇಕಾದರೆ ಗೇಟು ದಾಟಬೇಕು. ಗೇಟಿನಲ್ಲಿ ಹಾಲಮ್ಮ. ದೊಣ್ಣೆಯನ್ನು ಅಡ್ಡ ಹಿಡಿದಿದ್ದಳು. ಹನುಮಂತಯ್ಯ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ನನ್ ಗಂಡ ಏನು?" ಅಂತ ಕೇಳಿದಳು ಹಾಲಮ್ಮ.

ದತ್ತಾತ್ರಿ ತಲೆ ತಗ್ಗಿಸಿದ. ತುಟಿ ಅಲ್ಲಾಡಿತು.

"ಕೇಳಿಸ್ಲಿಲ್ಲ," ಅಂದಳು.

"ಕಳ್ಳ ಅಲ್ಲ."

"ಊರು ಆಚೆ ಐತೆ. ಅಲ್ಲೀಗಂಟ ಕೇಳ್ಬೇಕು."

ಅವನು ಸಬ್ ಇನ್ಸ್‌ಪೆಕ್ಟರನ್ನು ನೋಡಿದ. ಹನುಮಂತಯ್ಯ ಬೂಟಿನ ಲೇಸು ಕಟ್ಟಿಕೊಳ್ಳುವುದಕ್ಕೆ ಬಗ್ಗಿದ. ಲೇಸು ಬಿಚ್ಚಿರಲಿಲ್ಲ.

"ಚೌಡಪ್ಪ ಕಳ್ಳ ಅಲ್ಲ," ಅಂತ ಕೂಗಿದ ದತ್ತಾತ್ರಿ. ಗಂಟಲು ಸೀಳಿತು. ಅಷ್ಟು ಜೋರು ದನಿ ಅವನಲ್ಲಿತ್ತು ಅಂತ ಅವನಿಗೇ ಗೊತ್ತಿರಲಿಲ್ಲವೋ ಏನೋ. ಪಕ್ಕದ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದವರು ನೆಟ್ಟಗೆ ನಿಂತರು.

ಹಾಲಮ್ಮ ದೊಣ್ಣೆ ಕೆಳಗಿಳಿಸಿದಳು. ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾವಲಿನ ಕಡೆ ನಡೆದಳು. ರಾಸುಗಳಿಗೆ ನೀರು ಕುಡಿಸುವ ಹೊತ್ತಾಗಿತ್ತು. ಕೆರೆ ದಾರಿಯಲ್ಲೇ ಹೋದಳು.

ನಾನು ಚಪ್ಪಲಿ ಹುಡುಕಿಕೊಂಡು ಹೊರಟಾಗ ತ್ರಿವೇಣಿ ಜಗಲಿಯಲ್ಲಿ ಒಬ್ಬಳೇ ನಿಂತಿದ್ದಳು. ಸುಟ್ಟ ಪೆಟ್ಟಿಗೆಯಿಂದ ದಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಹಂದಿ ಬರ್ತವೆ," ಅಂದಳು. "ಹೊಸ ಬಾಕ್ಸ್ ಹಾಕ್ಕೊಡ್ತೀಯಾ?"

"ಹಾಕ್ತೀನಿ. ಟಿಕ್ ಅನ್ನೋದನ್ನೇ ಹಾಕ್ತೀನಿ."

"ಅವರಿಗೆ..." ಅಂದಳು.

ಬೈಕ್ ಸ್ಟಾರ್ಟ್ ಮಾಡಿದೆ.

"ಅವರಿಗೆ ಕಡೂರಲ್ಲಿ ಬೇರೆ ಬೇಲಿ ರೆಡಿ ಇದೆ ಅಕ್ಕ. ಅದಕ್ಕೆ ಕರೆಂಟೇ ಬೇಕಾಗಲ್ಲ."